ಸಹಾಯ ಬೇಕು: ಹತ್ತಿರದ ಓಡಾಟದ ಡೀಸೆಲ್ ಕಾರಿಗೆ ಆಯಿಲ್ ಯಾವಾಗ ಬದಲಿಸಬೇಕು?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಪೆಟ್ರೋಲ್ ಕಾರು, ಒಂದು ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇರುವ ಡೀಸೆಲ್ ಕಾರು ಇವೆ. ಪೆಟ್ರೋಲ್ ಕಾರಿನ ಚಿಂತೆಯಿಲ್ಲ. 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವಿಸ್ ಮಾಡಿಸುತ್ತೇವೆ. ಡೀಸೆಲ್ ಕಾರಿನ ಮ್ಯಾನುಯಲ್‌ನಲ್ಲೂ ಅದೇ ಲೆಕ್ಕ ಇದೆ. ಆದರೆ ಅದು ಓಡುವುದು ಬರೀ ಹತ್ತಿರದ ಕೆಲಸಗಳಿಗೆ. ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಡಿಪಿಎಫ್‌ನಲ್ಲಿ ತುಂಬಿದ ಮಸಿ ಸುಡುವುದು ಅರ್ಧಕ್ಕೇ ನಿಂತರೆ ಡೀಸೆಲ್ ಹೋಗಿ ಆಯಿಲ್‌ಗೆ ಸೇರುತ್ತದೆ ಅಲ್ವಾ? ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಮಟ್ಟ ಸ್ವಲ್ಪ ಏರಿದಂತೆ ಕಾಣುತ್ತಿದೆ, ಅದಕ್ಕೇ ಭಯ. ಆಯಿಲ್ ತೆಳುವಾದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊಗೆ ಪೆಟ್ಟು.

ಇಂಥ ಓಡಾಟಕ್ಕೆ ಆರು ತಿಂಗಳಿಗೇ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಬೇಕಾ? ಮಸಿ ಪೂರ್ತಿ ಸುಡಲು ಆಗಾಗ ಹೆದ್ದಾರಿಯಲ್ಲಿ ಓಡಿಸಿದರೆ ಸಾಕಾ? ಎಂಜಿನ್ ಒಳಗಿನ ಟೈಮಿಂಗ್ ಬೆಲ್ಟ್‌ಗೂ ಕಿಲೋಮೀಟರ್ ಜೊತೆ ವರ್ಷದ ಲೆಕ್ಕ ನೋಡಲೇಬೇಕಾ? ಡೀಸೆಲ್ ಕಾರನ್ನು ಹೀಗೇ ಬಳಸುವವರು ದಯವಿಟ್ಟು ತಿಳಿಸಿ.