ಸಹಾಯ ಬೇಕು: ಅಷ್ಟೂರಿನ ಗುಮ್ಮಟದ ಚಿತ್ರವನ್ನು ಗೌನ್ ಮೇಲೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೀದರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಒಂದು ಪತ್ರಿಕೆಯ ಫೋಟೋ ಶೂಟಿಗೆ ಗೌನ್ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಮೂರೇ ವಾರ ಉಳಿದಿದೆ.

ಇಲ್ಲೇ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯೊಳಗೆ ನಿಂತು ತಲೆಯೆತ್ತಿ ನೋಡಿದ್ದೀರಾ? ಕೆಂಪು, ನೀಲಿ, ಚಿನ್ನದ ಬಣ್ಣದ ಹೂಬಳ್ಳಿ ಗುಮ್ಮಟದ ನಡುವಿನಿಂದ ಸುತ್ತಲೂ ಹರಡಿದೆ. ಸುಲ್ತಾನ ತೀರಿಕೊಂಡದ್ದು 1436ರಲ್ಲಿ. ಬಣ್ಣ ಇವತ್ತಿಗೂ ಕಣ್ಣು ಸೆಳೆಯುತ್ತದೆ. ಆ ಹರಡಿಕೆಯೇ ನನಗೆ ಬೇಕು. ಸೊಂಟವೇ ಗುಮ್ಮಟದ ನಡು, ಪೂರ್ತಿ ದುಂಡನೆಯ ಘೇರು, ಹಿಂದೆ ಎರಡು ಮೀಟರ್ ನೆಲದ ಮೇಲೆ. ಮುಂದೆ ಕುತ್ತಿಗೆವರೆಗೆ ಕಪ್ಪು, ಬೆನ್ನು ಪೂರ್ತಿ ತೆರೆದದ್ದು. ಅಲ್ಲಿನ ಬರಹವನ್ನು ಮಾತ್ರ ಮುಟ್ಟುವುದಿಲ್ಲ. ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಜಾಗ ಅದು, ದೇವರ ಮಾತು ನೆಲಕ್ಕೆ ತಾಗಬಾರದು.

ತೊಂದರೆ ಬಣ್ಣದ್ದು. ಸ್ಯಾಟಿನ್ ಮೇಲೆ ಚಿನ್ನದ ಬಣ್ಣ ಒಣಗಿದ ಮೇಲೆ ಮಡಚಿದರೆ ಬಿರಿಯುತ್ತದೆ. ಪೇಪರ್ ಇಟ್ಟು ಇಸ್ತ್ರಿ ಮಾಡಿದೆ, ಅರ್ಧ ಹೂವು ಪೇಪರಿಗೇ ಅಂಟಿಕೊಂಡು ಬಂತು. ಜಾರ್ಜೆಟ್ ಮೇಲೆ ನೀಲಿ ಹರಿದು ಕೆಂಪಿಗೆ ಸೇರಿತು. ಇನ್ನೊಂದು, ಘೇರನ್ನು ನೇತುಹಾಕಿದರೆ ಓರೆ ಎಳೆ ಬಂದ ಕಡೆ ಜಾಸ್ತಿ ಜೋಲುತ್ತದೆ, ಅಲ್ಲಿ ಬಳ್ಳಿ ಉದ್ದವಾಗಿ ಕಾಣುತ್ತದೆ. ಮೊದಲು ಜೋಲಲು ಬಿಟ್ಟು, ಅಂಚು ಸರಿಮಾಡಿ, ಆಮೇಲೆ ಬರೆಯಬೇಕಾ?

ಸುರಪುರ ಶೈಲಿಯಲ್ಲಿ ಚಿತ್ರ ಬರೆಯುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಚಿನ್ನದ ಕೆಲಸ ಅವರಿಗೆ ಗೊತ್ತು. ಅಥವಾ ಚಿನ್ನದ ಭಾಗವನ್ನು ಜರಿಯ ಮಗ್ಗಂ ಕಸೂತಿಯಲ್ಲೇ ಮಾಡಿಸಲಾ? ಭಾರ ಜಾಸ್ತಿಯಾದರೆ ತೆರೆದ ಬೆನ್ನಿನ ಗೌನ್ ಹೆಗಲ ಮೇಲೆ ನಿಲ್ಲುತ್ತದಾ? ಮಾಡಿದ ಅನುಭವ ಇರುವ ಅಕ್ಕಂದಿರು, ಅಣ್ಣಂದಿರು ಹೇಳಿ. ಕೂಲಿ ಪೂರ್ತಿ ಕೊಡುತ್ತೇನೆ, ಕಲಬುರಗಿ, ಯಾದಗಿರಿ ಎಲ್ಲಿದ್ದರೂ ನಾನೇ ಬಟ್ಟೆ ತೆಗೆದುಕೊಂಡು ಬರುತ್ತೇನೆ.