ಮೊದಲ ಹಾಫ್ ಐರನ್‌ಮ್ಯಾನ್: ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ನನಗೆ 42 ವರ್ಷ. ಬ್ಯಾಂಕಿನಲ್ಲಿ ಕೆಲಸ. ಹಾಫ್ ಮ್ಯಾರಥಾನ್ ಓಡಿ ಅಭ್ಯಾಸ ಇದೆ, ಎರಡೂಕಾಲು ಗಂಟೆ ಹಿಡಿಯುತ್ತದೆ. ಭಾನುವಾರ ಹರಿಹರದ ಕಡೆ ಸೈಕಲ್ ತುಳಿಯುತ್ತೇನೆ. ಈಜು ಕಲಿತದ್ದು ಹೋದ ವರ್ಷ, ಅದೂ ಕೊಳದಲ್ಲಿ. ಈಗ ಗೋವಾದ ಐರನ್‌ಮ್ಯಾನ್ 70.3, ಅಂದರೆ ಹಾಫ್ ಐರನ್‌ಮ್ಯಾನ್ ರೇಸ್, ತಲೆಗೆ ಹೊಕ್ಕಿದೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಈಗ ಮಾರ್ಚ್, ರೇಸಿಗೆ ಏಳೆಂಟು ತಿಂಗಳಿದೆ. ಸಾಕಾ? ನನಗೆ ಈಜಿನದೇ ದೊಡ್ಡ ಭಯ. ಮನೆಯಲ್ಲಿ "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಅಂತಿದ್ದಾರೆ. ಮಾಡಿದವರು ನಿಮ್ಮ ಅನುಭವ ಹೇಳಿ.

ಬೆಂಗಳೂರಿನಿಂದ

ಸರ್, ಓಟದ ಅಭ್ಯಾಸ ಇರುವವರಿಗೆ ಎಂಟು ತಿಂಗಳು ಧಾರಾಳ. ಆದರೆ ನೀವು ಹೆದರಬೇಕಾದದ್ದು ಈಜಿಗಲ್ಲ, ಓಟಕ್ಕೆ. ನಗಬೇಡಿ, ಹೇಳುತ್ತೇನೆ.

ಮೊದಲು ಲೆಕ್ಕ. ಒಟ್ಟು ಕೊಡುವ ಸಮಯ 8 ಗಂಟೆ 30 ನಿಮಿಷ. ಈಜು 1 ಗಂಟೆ 10 ನಿಮಿಷದೊಳಗೆ ಮುಗಿಯಬೇಕು. ನೀರಿಗಿಳಿದ ಹೊತ್ತಿನಿಂದ 5 ಗಂಟೆ 30 ನಿಮಿಷದೊಳಗೆ ಸೈಕಲ್ಲೂ ಮುಗಿಯಬೇಕು. ಅಂದರೆ ಈಜಿನಲ್ಲಿ 100 ಮೀಟರಿಗೆ 3 ನಿಮಿಷ 40 ಸೆಕೆಂಡ್ ಸಿಗುತ್ತದೆ. ಕೊಳದಲ್ಲಿ ನಿಲ್ಲದೆ 3 ನಿಮಿಷದ ಲೆಕ್ಕದಲ್ಲಿ ಹೋದರೆ 57 ನಿಮಿಷಕ್ಕೆ ಹೊರಗೆ ಬರುತ್ತೀರಿ. ಈಜಿಗೆ ಒಂದು ಗಂಟೆ, ಸೈಕಲ್ ಹತ್ತೋಕೆ ಹತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಸೈಕಲ್ಲಿಗೆ ಉಳಿಯುವುದು 4 ಗಂಟೆ 20 ನಿಮಿಷ. ಗಂಟೆಗೆ 21 ಕಿ.ಮೀ. ಹೋದರೆ ಆಯಿತು. ಆಮೇಲೆ ಓಟಕ್ಕೆ ಕಡಿಮೆ ಅಂದರೂ ಮೂರು ಗಂಟೆ. ನೀವೋ ಎರಡೂಕಾಲು ಗಂಟೆಯವರು. ಕಾಗದದ ಮೇಲೆ ಎಲ್ಲ ಸಲೀಸು, ಅಲ್ವಾ?

ಆದರೂ ನಾನು ನೋಡಿದ ಮಟ್ಟಿಗೆ ಜನ ಕುಸಿಯುವುದು ಆ ಓಟದಲ್ಲೇ. ಬೆಳಿಗ್ಗೆ ಏಳರ ಸುಮಾರಿಗೆ ನೀರಿಗಿಳಿದರೆ ನಮ್ಮಂಥವರು ಓಡೋಕೆ ಶುರು ಮಾಡುವುದು ಹನ್ನೆರಡರ ಬಿಸಿಲಿಗೆ. ರೇಸ್ ನಡೆಯುವ ಪಣಜಿಯ ಮಿರಾಮಾರ್ ದಂಡೆಯ ಗಾಳಿಯಲ್ಲಿ ಎಷ್ಟು ತೇವ ಅಂದರೆ ಬೆವರು ಸುಮ್ನೆ ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅಲ್ಲಿ ಫಿಟ್ನೆಸ್ಸಿಗಿಂತ ನೀವು ಸೈಕಲ್ ಮೇಲೆ ಏನು ಮಾಡಿದಿರಿ ಅನ್ನುವುದೇ ಮುಖ್ಯವಾಗುತ್ತದೆ. ಎಷ್ಟು ಜೋರಾಗಿ ತುಳಿದಿರಿ, ಎಷ್ಟು ತಿಂದಿರಿ. ಎರಡೇ ವಿಷಯ.

ತುಳಿಯುವುದು: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಅಷ್ಟೇ ವೇಗ. ಮೊದಲ ಮೂವತ್ತು ಕಿಲೋಮೀಟರಿನಲ್ಲಿ ಎಲ್ಲರೂ ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ಸೈಕಲ್ಲಿನಲ್ಲಿ ಹತ್ತು ನಿಮಿಷ ಉಳಿಸೋಕೆ ಹೋಗಿ ಓಟದಲ್ಲಿ ನಲವತ್ತು ನಿಮಿಷ ನಡೆದುಕೊಂಡು ಹೋದವರು ನನ್ನ ಸ್ನೇಹಿತರಲ್ಲೇ ಇದ್ದಾರೆ.

ತಿನ್ನುವುದು: ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ. ಬರೀ ಗ್ಲೂಕೋಸ್ ಆದರೆ ಕರುಳು ಅದಕ್ಕಿಂತ ಜಾಸ್ತಿ ಹೀರಿಕೊಳ್ಳುವುದಿಲ್ಲ. ಫ್ರಕ್ಟೋಸಿಗೆ ಒಳಹೋಗೋಕೆ ಬೇರೆ ದಾರಿ ಇದೆ, ಅದಕ್ಕೇ ಎರಡನ್ನೂ ಬೆರೆಸಿ ಕುಡಿಯುವ ಪಳಗಿದವರು 90 ಗ್ರಾಂವರೆಗೂ ಹೋಗುತ್ತಾರೆ. ಒಂದು ಜೆಲ್‌ನಲ್ಲಿ (ರೇಸಿನಲ್ಲಿ ಹೀರುವ ಸಿಹಿ ಪೇಸ್ಟಿನ ಸಣ್ಣ ಪೊಟ್ಟಣ) ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಒಂದು ಬಾಳೆಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಜೆಲ್‌ಗೆ ದುಡ್ಡು ಸುರಿಯೋಕೆ ಮನಸ್ಸಿಲ್ಲದಿದ್ದರೆ ಮನೆಯ ಸಕ್ಕರೆ ಸಾಕು. ಸಕ್ಕರೆ ಅಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ತಾನೇ. ನಾನು ಮುಕ್ಕಾಲು ಲೀಟರ್ ಬಾಟಲಿಗೆ ಐದು ಟೇಬಲ್ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು ಹಾಕುತ್ತೇನೆ. ರಾಮನವಮಿ ಪಾನಕವೇ, ಬೆಲ್ಲ ಮೆಣಸು ಇಲ್ಲ ಅಷ್ಟೇ. ಗಂಟೆಗೆ ಒಂದು ಬಾಟಲಿ. ವಾಚಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಬೀಪ್ ಇಡಿ. ಹಸಿವಾಗಲಿ ಬಿಡಲಿ, ಬೀಪ್ ಆದಾಗ ಕಾಲು ಬಾಟಲಿ. ಹಸಿವು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಓಡುವಾಗ ಹೊಟ್ಟೆ ಕುಲುಕುವುದರಿಂದ ಹೆಚ್ಚು ಸೇರುವುದಿಲ್ಲ. ತಿನ್ನುವ ಕೆಲಸವನ್ನು ಆದಷ್ಟೂ ಸೈಕಲ್ ಮೇಲೇ ಮುಗಿಸಿ.

ಮನೆಯವರಿಗೆ ಒಂದು ಮಾತು: 2024ರಲ್ಲಿ ನಮ್ಮ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದೇ ರೇಸನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದರು. ಗಡುವಿಗೆ ಮೂರು ನಿಮಿಷವೂ ಇರಲಿಲ್ಲ. ಪದಕ ಎಲ್ಲರಿಗೂ ಒಂದೇ. 2015ರಲ್ಲಿ ಮಾಡೆಲ್, ನಟ ಮಿಲಿಂದ್ ಸೋಮನ್ ಜ್ಯೂರಿಕ್‌ನಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದಾಗ ಅವರಿಗೆ 50ರ ಹತ್ತಿರ. ನಿಮ್ಮದು 42, ಏನು ಮಹಾ!

ಮಂಗಳೂರಿನಿಂದ

ಬೆಂಗಳೂರಿನವರು ಈಜನ್ನು ಬಹಳ ಸುಲಭ ಮಾಡಿಬಿಟ್ಟರು. ಅವರ ಲೆಕ್ಕ ಸರಿ, ಆದರೆ ಸಮುದ್ರದಲ್ಲಿ ಗೋಡೆ ಇರುವುದಿಲ್ಲ ಮಾರಾಯ್ರೆ. 25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಅಂದರೆ 76 ಸಲ ಆಚೀಚೆ. ಪ್ರತಿ ಸಲವೂ ಗೋಡೆ ಒದ್ದು ಒಂದೆರಡು ಸೆಕೆಂಡ್ ಸುಧಾರಿಸಿಕೊಳ್ಳುತ್ತೀರಿ, ನಿಮಗೇ ಗೊತ್ತಾಗುವುದಿಲ್ಲ. ಕಡಲಲ್ಲಿ ಅದು ಇಲ್ಲ. ಕೆಳಗೆ ಗೆರೆ ಇಲ್ಲ, ನೀರು ಕದಡಿ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಪಕ್ಕದವನ ಕಾಲು ಮುಖಕ್ಕೆ ಬಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಕ್ಯಾಲೆಂಡರ್. ರೇಸ್ ಇರುವುದು ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ. ಜೂನ್‌ನಿಂದ ನಮ್ಮ ಕಡಲಿಗೆ ಯಾರೂ ಇಳಿಯುವ ಹಾಗಿಲ್ಲ. ದೋಣಿಗಳೇ ದಡ ಸೇರಿರುತ್ತವೆ. "ಆಗಸ್ಟ್‌ನಲ್ಲಿ ಬಂದು ಪ್ರಾಕ್ಟೀಸ್ ಮಾಡ್ತೇನೆ" ಅಂತ ಘಟ್ಟದ ಮೇಲಿನವರು ಫೋನ್ ಮಾಡುತ್ತಾರೆ, ನಗು ಬರುತ್ತದೆ. ಈಗಲೇ, ಮೇ ಮುಗಿಯುವುದರೊಳಗೆ ಒಂದೆರಡು ಸಲ ತಣ್ಣೀರುಬಾವಿಗೋ ಮಲ್ಪೆಗೋ ಬನ್ನಿ. ಬೆಳಿಗ್ಗೆ ಗಾಳಿ ಏಳುವ ಮೊದಲು ಕಡಲು ಶಾಂತವಾಗಿರುತ್ತದೆ. ಒಬ್ಬರೇ ಇಳಿಯಬೇಡಿ. ದಿನಾ ಈಜುವ ಸ್ಥಳೀಯರ ಜೊತೆ, ಸೊಂಟಕ್ಕೆ ಬಣ್ಣದ ತೇಲು ಚೀಲ ಕಟ್ಟಿಕೊಂಡು ಇಳಿಯಿರಿ. ಕಡಲು ದೂರ ಅಂತ ಕೆರೆಗೆ ಹಾರಬೇಡಿ, ಹೂಳು ಮತ್ತು ಬಳ್ಳಿಯಲ್ಲಿ ಕಾಲು ಸಿಕ್ಕಿಕೊಂಡರೆ ಕಷ್ಟ.

ಗಾಬರಿ ಬರುವುದು ಮೊದಲ ಇನ್ನೂರು ಮೀಟರಿನಲ್ಲಿ. ಎದೆ ಬಿಗಿಯುತ್ತದೆ, ಉಸಿರು ಎಳೆದಷ್ಟೂ ಸಾಲದು ಅನ್ನಿಸುತ್ತದೆ. ಉಸಿರು ಸಾಲದೆ ಅಲ್ಲ, ಒಳಗಿನದನ್ನು ಹೊರಗೆ ಬಿಡದೆ ಹಾಗಾಗುವುದು. ಅಂಗಾತ ತಿರುಗಿ ತೇಲಿ, ಉದ್ದಕ್ಕೆ ಉಸಿರು ಬಿಡಿ, ಹತ್ತು ಎಣಿಸಿ, ಮತ್ತೆ ಶುರು ಮಾಡಿ. ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಸುತ್ತ ಕಾವಲಿಗೆ ಇರುವ ಕಯಾಕ್ (ಸಣ್ಣ ದೋಣಿ) ಹಿಡಿದು ಸುಧಾರಿಸಿಕೊಳ್ಳೋಕೆ ನಿಯಮದಲ್ಲೇ ಅವಕಾಶ ಇದೆ. ಅದು ನಿಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗಬಾರದು, ಅಷ್ಟೇ. ಇದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಆರೆಂಟು ಕೈಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆತ್ತಿ ದಾರಿ ನೋಡಿ, ಮೊಸಳೆಯ ಹಾಗೆ. ತಲೆ ಪೂರ್ತಿ ಎತ್ತಿದರೆ ಕಾಲು ಮುಳುಗುತ್ತದೆ. ಮಿರಾಮಾರ್ ಪಡುವಣಕ್ಕೆ ಮುಖ ಮಾಡಿದ ದಂಡೆ. ಹೋಗುವಾಗ ಸೂರ್ಯ ಬೆನ್ನಿಗೆ, ದಡಕ್ಕೆ ಬರುವಾಗ ನೇರ ಕಣ್ಣಿಗೆ. ಕಪ್ಪು ಗಾಜಿನ ಗಾಗಲ್ಸ್ ತಗೊಳ್ಳಿ. ನೀರು ಬೆಚ್ಚಗಿರುತ್ತದೆ, ವೆಟ್‌ಸೂಟ್‌ಗೆ (ಚಳಿ ತಡೆಯುವ ರಬ್ಬರ್ ಉಡುಪು) ದುಡ್ಡು ಹಾಕಬೇಡಿ. ಆದರೆ ಉಪ್ಪುನೀರಿಗೆ ಕುತ್ತಿಗೆ, ಕಂಕುಳು ಉಜ್ಜಿ ಗಾಯವಾಗುತ್ತದೆ, ವ್ಯಾಸಲಿನ್ ಬಳಿದುಕೊಳ್ಳಿ.

ಮೈಸೂರಿನಿಂದ

ನಾನು ಎರಡು ಮಕ್ಕಳ ತಾಯಿ, ಶಾಲೆಯಲ್ಲಿ ಕೆಲಸ. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಸಮಯ ಎಲ್ಲಿಂದ ತರುವುದು ಅಂತ ಯಾರೂ ಹೇಳಲಿಲ್ಲ. ವಾರಕ್ಕೆ ಎಂಟರಿಂದ ಹತ್ತು ಗಂಟೆ ಬೇಕೇ ಬೇಕು. ಉಳಿದ ದಿನ ಬೆಳಿಗ್ಗೆ ಒಂದೊಂದು ಗಂಟೆ, ಶನಿವಾರ ಭಾನುವಾರ ಉದ್ದದ್ದು. ರಾತ್ರಿ ಒಂಬತ್ತೂವರೆಗೆ ಮಲಗದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಮದುವೆ, ಗೃಹಪ್ರವೇಶಗಳಿಗೆ ಹೋಗಿ ಊಟ ಆದ ತಕ್ಷಣ ಎದ್ದು ಬರುತ್ತೀರಿ, ನೆಂಟರು ಏನಾದರೂ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಉದ್ದ ಸೈಕಲ್ ಸವಾರಿ ಮುಗಿದ ಕೂಡಲೇ ಇಳಿದು ಇಪ್ಪತ್ತು ನಿಮಿಷ ಓಡಿ. ಬ್ರಿಕ್ ಅಂತಾರೆ ಇದಕ್ಕೆ. ನಾನು ರಿಂಗ್ ರೋಡ್ ಸುತ್ತಿ ಬಂದು, ಗೇಟಿನ ಒಳಗೆ ಸೈಕಲ್ ಒರಗಿಸಿ, ಶೂ ಬದಲಿಸಿ ಹಾಗೇ ಓಡುತ್ತೇನೆ. ಮೊದಲ ಸಲ ಕಾಲು ನಮ್ಮ ಮಾತೇ ಕೇಳುವುದಿಲ್ಲ, ನಡೆಯುವುದೂ ಕಷ್ಟ. ಒಂದು ಕಿಲೋಮೀಟರ್ ಆದ ಮೇಲೆ ಸರಿಹೋಗುತ್ತದೆ. ಆ ಒಂದು ಕಿಲೋಮೀಟರ್ ರೇಸಿನ ದಿನ ಹೊಸದಾಗಿರಬಾರದು.

ಸಕ್ಕರೆ ಪಾನಕದ ಬಗ್ಗೆ ನನ್ನ ತಕರಾರು ಇದೆ. ಮೂರನೇ ಗಂಟೆಗೆ ಸಿಹಿ ಅಂದರೆ ವಾಕರಿಕೆ ಬರುತ್ತದೆ. ನಾನು ಉಪ್ಪು ಹಾಕಿ ಬೇಯಿಸಿದ ಸಣ್ಣ ಆಲೂಗಡ್ಡೆ ಸಿಪ್ಪೆ ಸುಲಿದು ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಮೊದಲ ಗಂಟೆಗೆ ಪುಳಿಯೋಗರೆ ಉಂಡೆ, ಫಾಯಿಲ್‌ನಲ್ಲಿ ಸುತ್ತಿ. ಎಣ್ಣೆ, ಕಡಲೆಬೀಜ ಕಡಿಮೆ ಇರಲಿ, ಇಲ್ಲದಿದ್ದರೆ ಅರಗುವುದಿಲ್ಲ. ಏನೇ ತಿಂದರೂ ತಿಂಗಳುಗಟ್ಟಲೆ ಅದನ್ನೇ ತಿಂದು ಹೊಟ್ಟೆಗೆ ರೂಢಿ ಮಾಡಿ. ರೇಸಿಗೆ ಮೊದಲಿನ ಎಕ್ಸ್‌ಪೋ ಮಳಿಗೆಗಳಲ್ಲಿ ಪುಕ್ಕಟೆ ಕೊಟ್ಟ ಹೊಸ ಜೆಲ್ ರೇಸಿನಲ್ಲಿ ತಿಂದು ಶೌಚಾಲಯದ ಮುಂದೆ ನಿಂತವರನ್ನು ನೋಡಿದ್ದೇನೆ, ಪಾಪ.

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ: ಕತ್ತಲಲ್ಲಿ ಹೈವೇ ಮೇಲೆ ಒಬ್ಬರೇ ಹೋಗುವ ಬದಲು ವಾರದ ದಿನಗಳಲ್ಲಿ ಮನೆಯಲ್ಲೇ ಟ್ರೈನರ್‌ಗೆ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಸೈಕಲ್ ಸಿಕ್ಕಿಸಿ ತುಳಿಯಿರಿ. ಗುಂಪು ಸಿಕ್ಕ ದಿನ ಹೊರಗೆ ಹೋಗಿ. ಫ್ಯಾನ್ ಹಾಕದೆ ತುಳಿದರೆ ಗೋವಾ ಸೆಕೆಗೂ ಅಭ್ಯಾಸವಾಗುತ್ತದೆ, ಆದರೆ ನೀರು ಪಕ್ಕದಲ್ಲೇ ಇರಲಿ.

ಹುಬ್ಬಳ್ಳಿಯಿಂದ

ನಾನು ವೈದ್ಯ, ಜೊತೆಗೆ ನಿಧಾನ ಓಡುವವರ ಪೈಕಿ. ನಲವತ್ತು ದಾಟಿದವರು ತರಬೇತಿ ಶುರು ಮಾಡುವ ಮೊದಲು ಬಿಪಿ, ಶುಗರ್, ಇಸಿಜಿ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಇದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಎಲ್ಲರೂ "ನೀರು ಕುಡಿ, ನೀರು ಕುಡಿ" ಅಂತಾರೆ. ಬರೀ ನೀರನ್ನು ಬೆವರಿದ್ದಕ್ಕಿಂತ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಬೆರಳು ಊದಿ ಉಂಗುರ ಬಿಗಿಯಾಗುತ್ತದೆ, ತಲೆನೋವು, ವಾಂತಿ, ಆಮೇಲೆ ಗೊಂದಲದ ಮಾತು. ಅದನ್ನು ನಿರ್ಜಲೀಕರಣ ಅಂದುಕೊಂಡು ಇನ್ನಷ್ಟು ನೀರು ಕುಡಿಸಿದರೆ ಪ್ರಾಣಕ್ಕೇ ಅಪಾಯ. ನಿಮಗೆ ಎಷ್ಟು ನೀರು ಬೇಕು ಅಂತ ಮನೆಯಲ್ಲೇ ತಿಳಿದುಕೊಳ್ಳಬಹುದು. ಮೂತ್ರಕ್ಕೆ ಹೋಗಿ ಬಂದು, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಬಿಸಿಲಲ್ಲಿ ತುಳಿದು ಬಂದು, ಮೈ ಒರೆಸಿ ಮತ್ತೆ ತೂಗಿ. ಒಂದು ಕಿಲೋ ಇಳಿದಿದ್ದರೆ, ನಡುವೆ ಅರ್ಧ ಲೀಟರ್ ಕುಡಿದಿದ್ದರೆ, ನಿಮ್ಮ ಬೆವರು ಗಂಟೆಗೆ ಒಂದೂವರೆ ಲೀಟರ್. ಅಷ್ಟನ್ನೂ ಕುಡಿಯಬೇಕಿಲ್ಲ, ಆದರೆ ಅದನ್ನು ಮೀರಬಾರದು.

ನೋವಿನ ಮಾತ್ರೆ ನುಂಗಿ ರೇಸಿಗೆ ಇಳಿಯಬೇಡಿ. ಐಬುಪ್ರೊಫೆನ್ ಥರದ್ದು, ಮೈಯಲ್ಲಿ ನೀರು ಕಡಿಮೆ ಇದ್ದಾಗ ಕಿಡ್ನಿಗೆ ಪೆಟ್ಟು. ಬಿಸಿಲಲ್ಲಿ ಓಡುವಾಗ ಮೈ ನಡುಗಿ ಚಳಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ವಾಲಂಟಿಯರ್‌ಗಳನ್ನು ಕರೆಯಿರಿ. ಮುಂದಿನ ವರ್ಷದ ರೇಸ್ ಇದ್ದೇ ಇರುತ್ತದೆ.

ಜರ್ಮನಿಯ ನ್ಯೂರೆಂಬರ್ಗ್‌ನಿಂದ

ನಮ್ಮೂರ ಪಕ್ಕದ ರೋತ್‌ನಲ್ಲಿ ಪೂರ್ತಿ ದೂರದ ರೇಸ್ ನಡೆಯುತ್ತದೆ, ಈಜು 3.8, ಸೈಕಲ್ 180, ಓಟ 42.2 ಕಿ.ಮೀ. ಈಜು ಕಾಲುವೆಯಲ್ಲಿ, ಅಲೆಯೇ ಇಲ್ಲ. ಸೋಲಾರ್ ಬೆಟ್ಟ ಹತ್ತುವಾಗ ಜನ ರಸ್ತೆಗೇ ನುಗ್ಗಿ ಕೂಗುತ್ತಾರೆ, ಒಂದು ಸೈಕಲ್ ಹೋಗುವಷ್ಟೇ ಜಾಗ. ಬಹಳ ಚೆನ್ನಾಗಿರುತ್ತದೆ, ಆದರೆ ಮೊದಲಿಗೆ ಅದು ಬೇಡ, ಹಾಫ್ ಸರಿಯಾದ ಆಯ್ಕೆ.

ನಾನು ಹೇಳುವುದು ನಿಯಮದ ಬಗ್ಗೆ. ಊರಲ್ಲಿ ನಾವು ಹರಟೆ ಹೊಡೆಯುತ್ತ ಗುಂಪಾಗಿ ತುಳಿದು ಅಭ್ಯಾಸ. ರೇಸಿನಲ್ಲಿ ಮುಂದಿನವರ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಮುಂದಿನ ಸೈಕಲ್ಲಿನಿಂದ 12 ಮೀಟರ್ ದೂರ ಇರಬೇಕು. ದಾಟಬೇಕಿದ್ದರೆ 25 ಸೆಕೆಂಡಿನಲ್ಲಿ ದಾಟಿ ಮುಗಿಸಬೇಕು. ಹಿಂದೆ ಅಂಟಿಕೊಂಡರೆ ನೀಲಿ ಕಾರ್ಡ್, ಟೆಂಟಿನಲ್ಲಿ ಐದು ನಿಮಿಷ ನಿಲ್ಲಿಸುತ್ತಾರೆ. ಹೆಲ್ಮೆಟ್ ಪಟ್ಟಿ ಹಾಕಿದ ಮೇಲೇ ಸೈಕಲ್ ಮುಟ್ಟಿ. ಇಯರ್‌ಫೋನ್ ಮನೆಯಲ್ಲೇ ಬಿಡಿ.

ದಾವಣಗೆರೆಯಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಮೇ ತಿಂಗಳಲ್ಲಿ ಮಲ್ಪೆಗೆ ಹೋಗೋಕೆ ರಜೆ ಹಾಕಿದ್ದೇನೆ. ಇನ್ನೆರಡು ಪ್ರಶ್ನೆ. ನನ್ನದು ಸಾದಾ ರೋಡ್ ಬೈಕ್, ಸಾಕಾ? ಅದನ್ನು ಗೋವಾಕ್ಕೆ ಹೇಗೆ ಒಯ್ಯುವುದು? ಸೆಪ್ಟೆಂಬರಿಗೂ ಈಜು ಕುದುರದಿದ್ದರೆ ಏನು ಮಾಡಲಿ?

ಬೆಳಗಾವಿಯಿಂದ

ರೋಡ್ ಬೈಕ್ ಧಾರಾಳ ಸಾಕ್ರೀ. ಲಕ್ಷಗಟ್ಟಲೆ ಕೊಟ್ಟು ಟಿಟಿ ಬೈಕ್ (ಮುಂದಕ್ಕೆ ಬಗ್ಗಿ ತುಳಿಯುವ ರೇಸ್ ಸೈಕಲ್) ತಗೊಂಡು, ಅದರ ಮೇಲೆ ಬಗ್ಗಿ ಕೂರಲಾಗದೆ ನೆಟ್ಟಗೆ ಕೂತು ತುಳಿಯುವವರು ಬೇಕಾದಷ್ಟು ಜನ. ಕಾರಿನಲ್ಲಿ ಒಯ್ಯುವುದೇ ಒಳ್ಳೆಯದು. ಎರಡೂ ಚಕ್ರ ಬಿಚ್ಚಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಚೈನ್ ಇರುವ ಕಡೆ ಮೇಲೆ ಬರಲಿ. ಹೋದ ಕೂಡಲೇ ಎಲ್ಲ ಗೇರ್ ಹಾಕಿ ನೋಡಿ. ದಾರಿಯಲ್ಲಿ ಪೆಟ್ಟು ಬಿದ್ದು ಹ್ಯಾಂಗರ್ (ಚೈನ್ ಸರಿಸುವ ಡಿರೈಲರನ್ನು ಹಿಡಿದಿರುವ ತುಂಡು) ಬಾಗಿದ್ದರೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಡಿರೈಲರ್ ಕಡ್ಡಿಗೆ ಸಿಕ್ಕಿ ಚಕ್ರವೇ ಹೋಗುತ್ತದೆ. ನಿಮ್ಮ ಬೈಕಿನ ಹ್ಯಾಂಗರ್ ಒಂದು ಜಾಸ್ತಿ ಇಟ್ಟುಕೊಳ್ಳಿ, ಊರೂರಿಗೆ ಸಿಗುವುದಿಲ್ಲ. ಸೈಕಲ್ ಹಿಂದಿನ ದಿನವೇ ಒಪ್ಪಿಸಬೇಕು, ಮಧ್ಯಾಹ್ನದ ಬಿಸಿಲಿಗೆ ನಿಂತಿರುತ್ತದೆ. ಗಾಳಿ ಸ್ವಲ್ಪ ಇಳಿಸಿ ಬನ್ನಿ, ಬೆಳಿಗ್ಗೆ ಹೋಗಿ ತುಂಬಿ. ಪಂಕ್ಚರ್ ಆದರೆ ಟ್ಯೂಬ್ ನೀವೇ ಬದಲಿಸಬೇಕು. ಹಿಂದಿನ ಚಕ್ರದ್ದನ್ನು ಮನೆಯಲ್ಲಿ ಸುಮ್ನೆ ಬಿಚ್ಚಿ ಹಾಕಿ ಕಲಿಯಿರಿ, ಕೈ ಗ್ರೀಸ್ ಆಗಲಿ ಪರವಾಗಿಲ್ಲ.

ಈಜಿನ ಪ್ರಶ್ನೆಗೆ ಮಂಗಳೂರಿನವರೇ ಹೇಳಲಿ.

ಮಂಗಳೂರಿನಿಂದ

ಆಗಸ್ಟ್ ಕೊನೆಗೆ ಕೊಳದಲ್ಲಿ ಗೋಡೆ ಮುಟ್ಟಿ ನಿಲ್ಲದೆ ಎರಡು ಕಿಲೋಮೀಟರ್ ಆಗಬೇಕು. ಒಂದು ಗಂಟೆ ಐದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಈ ವರ್ಷ ಒಬ್ಬರೇ ಇಳಿಯುವ ಆಸೆ ಬಿಡಿ. ರಿಲೇ ಇದೆಯಲ್ಲ, ಒಬ್ಬರು ಈಜು, ಒಬ್ಬರು ಸೈಕಲ್, ಒಬ್ಬರು ಓಟ. ನೀವು ಓಟ ತಗೊಳ್ಳಿ, ಆ ಬಿಸಿಲು ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ರಿಲೇಗೆ ಬದಲಿಸಿಕೊಳ್ಳಬಹುದಾ, ದುಡ್ಡು ವಾಪಸ್ ಬರುತ್ತದಾ ಅಂತ ಹೆಸರು ನೋಂದಾಯಿಸುವ ಮೊದಲೇ ಆಯೋಜಕರಿಗೆ ಮೇಲ್ ಬರೆದು ಕೇಳಿ. ಮಲ್ಪೆಗೆ ಬರುವ ತಾರೀಕು ಹೇಳಿ, ನಾವು ಮೂರ್ನಾಲ್ಕು ಜನ ಆರು ಗಂಟೆಗೆ ಅಲ್ಲಿರುತ್ತೇವೆ.