ಸೆಮಿಸ್ಟರ್ ಗಡಿಬಿಡಿಯೊಳಗೆ ನಿಮ್ಮದು ಅನ್ನೋ ಐದು ನಿಮಿಷ ಎಲ್ಲಿ ಸಿಗುತ್ತೆ?

ಹೊಳೆಬದಿ ಸೀಟು:

ಮೊದಲೇ ಹೇಳಿಬಿಡ್ತೀನಿ: ಬೆಳಗ್ಗೆ ಬೇಗ ಏಳಿ, ಧ್ಯಾನ ಮಾಡಿ, ಫೋನ್ ಆಫ್ ಮಾಡಿ ಅನ್ನೋ ಸಲಹೆ ಬೇಡ. ನಾಲ್ಕೂವರೆಗೆ ಹೇಗೂ ಎದ್ದಿರ್ತೀನಿ, ಡಬ್ಬಿ ಕಟ್ಟಬೇಕಲ್ಲ. ಫೋನ್ ಆಫ್ ಮಾಡಿದ್ರೆ ಕಾಲೇಜಿನ ವಾಟ್ಸಾಪ್ ಗ್ರೂಪಲ್ಲಿ 'ಹನ್ನೊಂದರೊಳಗೆ ಮಾಹಿತಿ ಕಡ್ಡಾಯ' ಅಂತ ಬಂದು, ಹನ್ನೊಂದೂವರೆಗೆ ನನ್ನ ಹೆಸರು ಹಾಕಿ ಇನ್ನೊಂದು ಮೆಸೇಜ್ ಬಂದಿರುತ್ತೆ.

ನಾನು ಕೆಮಿಸ್ಟ್ರಿ ಪಾಠ ಮಾಡೋಳು. ಮನೆ ಶಿವಮೊಗ್ಗ, ಕೆಲಸ ತೀರ್ಥಹಳ್ಳಿ ಕಡೆ ಒಂದು ಪದವಿ ಕಾಲೇಜಲ್ಲಿ. ವಾರಕ್ಕೆ 16 ಗಂಟೆ ಪಾಠ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ. ಆ ಹದಿನಾರು ಗಂಟೆ ನನಗೆ ಯಾವತ್ತೂ ಭಾರ ಅನ್ನಿಸಿಲ್ಲ. ಸಾಕಾಗೋದು ಅದರ ಸುತ್ತ ಬೆಳೆದಿರೋದರಿಂದ: ಪೋರ್ಟಲಿಗೆ ಇಂಟರ್ನಲ್ ಅಂಕ ತುಂಬೋದು, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನವರಿಗೆ ಫೈಲು, ಮೆಂಟರ್ ರಿಜಿಸ್ಟರು, ಕಾರ್ಯಕ್ರಮ ಮಾಡಿದ್ದಕ್ಕೆ ಫೋಟೋ, ಫೋಟೋ ತೆಗೆದಿದ್ದಕ್ಕೆ ವರದಿ. ಜೊತೆಗೆ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಸಿಲೆಬಸ್ ಬಂತು, ಅದಕ್ಕೆ ನೋಟ್ಸ್ ಒಂದು ಹದಕ್ಕೆ ಬರೋ ಹೊತ್ತಿಗೆ 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ ಡಿಗ್ರಿ, ಹೊಸ ಸಿಲೆಬಸ್. ಸ್ಟಾಫ್ ರೂಮಿನ ಬೀರುವಲ್ಲಿ ಎರಡೂ ಕಟ್ಟು ಇವೆ. ಯಾವುದನ್ನೂ ಎಸೆಯೋ ಧೈರ್ಯ ಯಾರಿಗೂ ಇಲ್ಲ.

ಪ್ರಶ್ನೆ ಇಷ್ಟು. ದಿನದ ಒಳಗೇ, ಬೇರೆ ಟೈಮ್ ಕೇಳದೆ, ದುಡ್ಡು ಕೇಳದೆ ನಿಮಗೆ ಸಿಗೋ ಖುಷಿ ಯಾವುದು? ಪ್ರವಾಸ, ಹವ್ಯಾಸ, ಭಾನುವಾರ, ಇವು ಲೆಕ್ಕಕ್ಕಿಲ್ಲ.

ನಂದು ಮೊದಲು ಹೇಳ್ತೀನಿ.

ಬಸ್ಸಲ್ಲಿ ಹೊಳೆ ಬದಿ ಸೀಟು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ತುಂಗೆ ಜೊತೆಜೊತೆಗೇ ಬರುತ್ತೆ. ಗಾಜನೂರು ಡ್ಯಾಮ್, ಆಮೇಲೆ ಆನೆ ಬಿಡಾರ ಇರೋ ಸಕ್ರೆಬೈಲು (ಆನೆ ಬಸ್ಸಿಂದ ಕಾಣೋದು ಅದೃಷ್ಟ, ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ), ಹೆಚ್ಚುಕಮ್ಮಿ ಅರ್ಧ ದಾರಿಗೆ ಮಂಡಗದ್ದೆ. ಅಲ್ಲಿ ಹೊಳೆ ನಡುವಿನ ದ್ವೀಪದ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುತ್ತವೆ. ಹೊಳೆ ತುಂಬಿದಾಗ ಮರದ ಬುಡ ಮುಳುಗಿ, ನೀರಿನ ಮೇಲೆ ಬರೀ ತಲೆ ಕಾಣ್ತಿರುತ್ತೆ, ಅದರ ತುಂಬ ಬಿಳಿ. ಬಸ್ ಅಲ್ಲಿ ನಿಲ್ಲಿಸಿದ್ರೆ ಒಂದು ನಿಮಿಷ, ಇಲ್ಲದಿದ್ರೆ ಕಣ್ಣು ಮಿಟುಕಿಸೋಷ್ಟು ಹೊತ್ತು. ಅದಕ್ಕೋಸ್ಕರ ಬಸ್ ಸ್ಟ್ಯಾಂಡಿಗೆ ಸ್ವಲ್ಪ ಮುಂಚೆ ಹೋಗ್ತೀನಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಕಿಟಕಿ ಸೀಟಿಗೆ ಪೈಪೋಟಿ ಜೋರಾಗಿದೆ. ತರಕಾರಿ ಮಾರೋ ಹೆಂಗಸೊಬ್ಬರು ಈಗ ನನ್ನ ಮುಖ ನೋಡಿ, 'ಬನ್ನಿ ಟೀಚರಮ್ಮ, ನಿಮ್ಮ ಹಕ್ಕಿ ಬರೋವರೆಗೆ ಕೂತ್ಕಳಿ, ಆಮೇಲೆ ನಂಗೆ ಬಿಡಿ, ನಿದ್ದೆ ಮಾಡ್ಬೇಕು' ಅಂತಾರೆ. ಈ ಒಪ್ಪಂದ ಮಾಡ್ಕೊಂಡಿದ್ದೂ ಒಂದು ಖುಷಿಯೇ.

ಎರಡನೇದು ಲ್ಯಾಬು. ಕೊಟ್ಟ ಲವಣದಲ್ಲಿ ಏನೇನಿದೆ ಅಂತ ಪತ್ತೆ ಮಾಡೋ ಸಾಲ್ಟ್ ಅನಾಲಿಸಿಸ್‌ನಲ್ಲಿ ಸೀಸ ಸಿಕ್ಕಾಗ ಕಡೆಗೆ ಪೊಟ್ಯಾಶಿಯಂ ಅಯೋಡೈಡ್ ಹಾಕ್ತೀವಿ, ಹಳದಿ ಗಷ್ಟು ಬರುತ್ತೆ. ರೆಕಾರ್ಡ್ ಪುಸ್ತಕಕ್ಕೆ ಅಷ್ಟೇ ಸಾಕು, ಬರೆದು ಮುಗಿಸಬಹುದು. ಆದರೆ ಅದಕ್ಕೆ ನೀರು ಹಾಕಿ ಕಾಯಿಸಿದ್ರೆ ಹಳದಿ ಎಲ್ಲ ಕರಗಿ ಏನೂ ಇಲ್ಲದ ಹಾಗೆ ತಿಳಿಯಾಗುತ್ತೆ. ಆಮೇಲೆ ಟೆಸ್ಟ್ ಟ್ಯೂಬ್‌ನ ನಲ್ಲಿ ಕೆಳಗೆ ಹಿಡಿದು ತಣಿಸಿದ್ರೆ ಥಳಥಳ ಅಂತ ಚಿನ್ನದ ಚೂರುಗಳು ಇಳಿಯೋಕೆ ಶುರುವಾಗ್ತವೆ. ಗೋಲ್ಡನ್ ರೇನ್ ಅಂತಾರೆ. ಸರ್ವಿಸ್‌ಗೆ ಸೇರಿದಾಗಿಂದ ನೋಡ್ತಿದೀನಿ, ಈಗಲೂ ಟ್ಯೂಬ್‌ನ ಕಿಟಕಿ ಬೆಳಕಿಗೆ ಹಿಡಿದು ಹುಡುಗರಿಗಿಂತ ಮೊದಲು ನಾನೇ ನೋಡೋದು. (ಸೀಸ ವಿಷ. ಸಿಂಕಿಗೆ ಚೆಲ್ಲಬೇಡಿ, ಬೇರೆ ಬಾಟಲಿಗೆ ಹಾಕಿ. ಇದು ಮೇಡಂ ಅಭ್ಯಾಸ, ಕ್ಷಮಿಸಿ.)

ಮೂರನೇದು ಮಳೆ. ನಮ್ಮ ಒಂದು ಕ್ಲಾಸ್ ರೂಮಿಗೆ ಶೀಟಿನ ಛಾವಣಿ. ಮಳೆ ಜೋರಾದ್ರೆ ನನ್ನ ಧ್ವನಿ ಎರಡನೇ ಬೆಂಚೂ ದಾಟಲ್ಲ. ಕರೆಂಟ್ ಹೋಗಿರುತ್ತೆ, ಪ್ರಾಜೆಕ್ಟರ್ ಸತ್ತಿರುತ್ತೆ. ಚಾಕ್‌ಪೀಸ್ ಇಟ್ಟು ಸುಮ್ಮನೆ ನಿಂತ್ಕೋತೀನಿ. ಎಪ್ಪತ್ತು ಜನ ಹುಡುಗರು, ನಾನು, ಯಾರೂ ಏನೂ ಕಲಿಯದ, ಯಾರೂ ಏನೂ ಕಲಿಸದ ಐದು ನಿಮಿಷ. ಯಾವ ರಿಜಿಸ್ಟರಲ್ಲೂ ಇದಕ್ಕೆ ಕಾಲಂ ಇಲ್ಲ, ಇರೋದೂ ಬೇಡ. ನಮ್ಮ ಸಹೋದ್ಯೋಗಿ ಒಬ್ಬರು ದಿನಕ್ಕೆ ಮೂರು ಒಳ್ಳೆ ಸಂಗತಿ ಬರೆಯೋ ಡೈರಿ ಇಟ್ಟಿದ್ರು. ಪರೀಕ್ಷೆ ಹೊತ್ತಿಗೆ ಅವರು ಅದನ್ನೂ ಹಿಂದಿನ ತಾರೀಖು ಹಾಕಿ ತುಂಬ್ತಾ ಕೂತಿದ್ದನ್ನ ಕಣ್ಣಾರೆ ನೋಡಿದೀನಿ.

ತೊಂದರೆ ಏನಂದ್ರೆ ಇದೆಲ್ಲ ಮಳೆಗಾಲದ ಬಾಬ್ತು. ನವೆಂಬರ್ ಹೊತ್ತಿಗೆ ಮಂಡಗದ್ದೆ ಖಾಲಿ. ಮಳೆ ನಿಂತಿರುತ್ತೆ, ಪ್ರಾಕ್ಟಿಕಲ್ ಮುಗಿದು ಬರೀ ಪೇಪರ್ ಕಟ್ಟು. ಆ ತಿಂಗಳುಗಳಿಗೆ ನಿಮ್ಮ ಹತ್ರ ಏನಿದೆ?

ಬೈಟು:

ಬೆಂಗಳೂರು, ಇಂಜಿನಿಯರಿಂಗ್ ಕಾಲೇಜು. ಮೇಡಂ, ನಂದು ಒಂದೇ. ಬೋರ್ಡ್ ಒರೆಸೋದು. ಎಲ್ಲ ರೂಮಲ್ಲೂ ವೈಟ್ ಬೋರ್ಡ್ ಬಂದಿದೆ, ಮೂಲೆಯ ಒಂದು ಹಾಲಲ್ಲಿ ಮಾತ್ರ ಹಳೇ ಹಸಿರು ಬೋರ್ಡು ಉಳಿದಿದೆ. ಟೈಮ್ ಟೇಬಲ್ ಹಾಕುವಾಗ ಆ ಹಾಲು ಯಾರಿಗೂ ಬೇಡ, ನಾನು ಕೇಳಿ ತಗೋತೀನಿ. ಕ್ಲಾಸ್ ಮುಗಿದ ಮೇಲೆ ಡಸ್ಟರ್ ಒದ್ದೆ ಮಾಡಿ, ಮೇಲಿಂದ ಕೆಳಗೆ, ಒಂದು ಗೆರೆಯೂ ಬಿಡದ ಹಾಗೆ. ಮುಂದಿನ ಕ್ಲಾಸಿನವರಿಗೆ ಅನುಕೂಲ ಅಂತ ಎಲ್ಲರೂ ಹೊಗಳ್ತಾರೆ. ಇರಲಿ ಬಿಡಿ.

ಏರಿ ಮೇಲಿನ ಮೇಷ್ಟ್ರು:

ತಾಯಿ, ನಾನು ಮೈಸೂರಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಪೋರ್ಟಲ್ಲಿನ ಕಾಲಕ್ಕೆ ಮೊದಲೇ ಪಾರಾದೆ.

ಪೇಪರ್ ಕಟ್ಟಿಗೆ ನನ್ನ ಉಪಾಯ ಹೇಳುತ್ತೇನೆ. ಸೆಮಿಸ್ಟರ್ ಮೌಲ್ಯಮಾಪನಕ್ಕೆ ಇದು ನಡೆಯುವುದಿಲ್ಲ, ಅಲ್ಲಿ ಬರುವುದು ಬರೀ ಕೋಡ್ ನಂಬರು. ಆಂತರಿಕ ಪರೀಕ್ಷೆಯ ಕಟ್ಟಿಗೆ ಮಾತ್ರ. ಪ್ರತಿ ತರಗತಿಯಲ್ಲೂ ತನ್ನದೇ ಮಾತಿನಲ್ಲಿ ಬರೆಯುವ ಮಗು ಒಂದಾದರೂ ಇರುತ್ತದೆ. ಅದರ ಪತ್ರಿಕೆಯನ್ನು ಮೊದಲೇ ಹುಡುಕಿ ತೆಗೆದು, ಕಟ್ಟಿನ ನಡುವೆ ಎಲ್ಲೋ ಕಣ್ಣು ಮುಚ್ಚಿಕೊಂಡು ಸೇರಿಸಿಬಿಡುತ್ತಿದ್ದೆ. ಆಮೇಲೆ ಗೈಡಿನ ಉತ್ತರಗಳನ್ನು ಓದಿ ಓದಿ ಇನ್ನೇನು ಪೆನ್ನು ಇಡಬೇಕು ಅನ್ನುವಾಗ ಅದು ಸಿಕ್ಕಿಬಿಡುವುದು. ಎಲ್ಲಿದೆ ಎಂದು ನಮಗೇ ತಿಳಿದಿರಬಾರದು, ಅಷ್ಟೇ ಷರತ್ತು. ಅಂಕ ಮಾತ್ರ ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ.

ಇನ್ನೊಂದು, ಸಂಜೆ. ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಗೆ ಅಂಟಿಕೊಂಡೇ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಊರಾಚೆಯ ಗದ್ದೆಗಳಿಗೆ ನೀರುಣಿಸಲು ಆಗಿದ್ದು. ನಾನು ವಾಕಿಂಗಿಗೆ ಹೋಗುತ್ತಿರಲಿಲ್ಲ, ಅದು ವೈದ್ಯರು ಹೇಳಿದ ಕೆಲಸವಾಗಿಬಿಡುತ್ತದೆ. ಮನೆಗೆ ಹೋಗುವ ದಾರಿಯನ್ನೇ ಏರಿಯ ಮೇಲಿನಿಂದ ಬಳಸಿಕೊಂಡೆ. ಹೆಜ್ಜಾರ್ಲೆಗಳು ಮೀನಿಗೆ ಇಳಿಯುವುದನ್ನು ನೋಡುತ್ತಾ ನಿಂತರೆ ಒಮ್ಮೊಮ್ಮೆ ವಿಭಾಗದ ಮುಖ್ಯಸ್ಥರೂ ಪಕ್ಕದಲ್ಲೇ ನಿಂತಿರುತ್ತಿದ್ದರು. ಇಬ್ಬರೂ ಕಾಲೇಜಿನ ಮಾತು ಎತ್ತುತ್ತಿರಲಿಲ್ಲ. ನಿಮ್ಮ ಮಂಡಗದ್ದೆ ಖಾಲಿಯಾದಾಗ ಇಲ್ಲಿಗೆ ಬನ್ನಿ, ಇಲ್ಲಿ ಹಕ್ಕಿಗೆ ಬರವಿಲ್ಲ.

'ಸಣ್ಣ' ಸಂತೋಷಕ್ಕೇ ಯಾಕೆ ನಿಲ್ಲಬೇಕು ಅಂತಲೂ ನನಗೊಂದು ತಕರಾರಿದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅಂದದ್ದು ಅದಕ್ಕೇ. ಪಾಠ ಹೇಳುವ ಪ್ರೊಫೆಸರು, ಮನೆಯೊಳಗೆ ಟ್ರಾನ್ಸ್‌ಮಿಟರು! ಅದನ್ನು ಐದು ನಿಮಿಷದ ಖುಷಿ ಅನ್ನಲಾಗದು, ಶುದ್ಧ ಹುಚ್ಚು. ಅಂಥ ಹುಚ್ಚಿಗೆ ಮೇಷ್ಟರ ಸಂಜೆ ಮೇಷ್ಟರದ್ದೇ ಆಗಿರಬೇಕಿತ್ತು. ನಿಮ್ಮ ಸಂಜೆಗಳು ಯಾರ ಕೈಯಲ್ಲಿವೆ ಎನ್ನುವುದನ್ನೂ ಕೇಳಿ.

ಗದಗಿನಾಂವ:

ಮೇಷ್ಟ್ರು ಕಡೀಕ ಹೇಳಿದ್ದು ಖರೆ ಐತ್ರಿ. ಸಿಟ್ಟಾಗಬ್ಯಾಡ್ರಿ ಮೇಡಂ, ನಾ ಅತಿಥಿ ಉಪನ್ಯಾಸಕ, ಇತಿಹಾಸ. ಸಣ್ಣ ಖುಷಿ ಅನ್ನೂ ಮಾತು ಕೇಳಿದ ಕೂಡಲೇ ನನಗ ಮೊದಲು ನೆನಪಾಗೂದು, ರಜಾದಾಗ ನಮಗ ಗೌರವಧನ ಇಲ್ಲ ಅನ್ನೂದು. 2022ರಾಗ ಗೌರವಧನ ಏರಿಸಿದ್ರು, ಬ್ಯಾಡ ಅನ್ನೂದಿಲ್ಲ. ಅದರ ಜೋಡಿ ವಾರಕ್ಕ 15 ತಾಸಿನ ಕಾರ್ಯಭಾರಾನೂ ಬಂತು. ಇದ್ದ ತಾಸು ಅಷ್ಟೇ, ಒಬ್ಬರ ಪಾಲಿಗೆ ಹೆಚ್ಚಾದ್ರ ಇನ್ನೊಬ್ಬರ ಕೆಲಸ ಹೋತು. ನನ್ನ ಬಾಜೂ ಕೂಡ್ತಿದ್ದ ಗೆಳೆಯ ಈಗ ಕಿರಾಣಿ ಅಂಗಡಿ ಇಟ್ಟಾನ. ಹಿಂಗಾಗಿ ಖುಷಿ ಹುಡುಕ್ರಿ ಅಂತ ಯಾರರೆ ಅಂದ್ರ ಸ್ವಲ್ಪ ಉರೀತೈತಿ.

ಆದ್ರ ಕೇಳೀರಲ್ಲ, ಹೇಳ್ತೀನಿ. ಕಲ್ಯಾಣ ಚಾಲುಕ್ಯರ ಪಾಠ ಮಾಡೂ ವಾರ. ನಮ್ಮ ಕ್ಲಾಸಿನ್ಯಾಗ ಲಕ್ಕುಂಡಿ ಕಡೆ ಹುಡುಗ್ರು ಇರ್ತಾರ. ಅತ್ತಿಮಬ್ಬೆ ಲಕ್ಕುಂಡಿಯೊಳಗ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಾಗ ಅಂತ ಬೋರ್ಡ್ ಮ್ಯಾಲೆ ಬರೀತೀನಿ. ಹಿಂದಿನ ಬೆಂಚಿನಿಂದ ಒಬ್ಬಾಂವ, ವರ್ಷಪೂರ್ತಿ ಬಾಯಿ ಬಿಡದಾಂವ, 'ಸರ್, ಅದರ ಹಿಂದ ನಾವು ಕ್ರಿಕೆಟ್ ಆಡ್ತೇವ್ರಿ' ಅಂತಾನ. ಮರುದಿನ ಮತ್ತೊಬ್ಬಾಕಿ ಫೋನಿನ್ಯಾಗ ಫೋಟೋ ತರ್ತಾಳ, ಅವರ ಮನಿ ಗ್ವಾಡ್ಯಾಗ ಒಂದು ಕೆತ್ತಿದ ಕಲ್ಲು, ಹಂಸ ಏನೋ ಅದ, ಅರ್ಧ ಸುಣ್ಣ ಬಳದಾರ. 'ಇದು ಯಾವ ಕಾಲದ್ದು ಹೇಳ್ರಿ ಸರ್' ಅಂತ ನನ್ನ ಪರೀಕ್ಷಾ! ಆವತ್ತು ಸ್ಟಾಫ್ ರೂಮಿಗೆ ಹ್ವಾದ ಮ್ಯಾಲೂ ನಾ ಫೈಲ್ ತೆಗ್ಯಂಗಿಲ್ಲ, ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡಕೋಂತ ಕೂಡ್ತೀನಿ.

ಹೊಳೆಬದಿ ಸೀಟು:

ಗದಗದ ಸರ್, ಸಿಟ್ಟು ಯಾಕೆ. ನಮ್ಮ ವಿಭಾಗದಲ್ಲೂ ಅರ್ಧ ಜನ ಅತಿಥಿಗಳೇ, ಕೆಲಸ ನನ್ನಷ್ಟೇ ಮಾಡ್ತಾರೆ, ಕೆಲವೊಮ್ಮೆ ಹೆಚ್ಚು. ನಿಮ್ಮ ಪ್ರಶ್ನೆಗೆ ಬೆಳ್ಳಕ್ಕಿ ಉತ್ತರ ಅಲ್ಲ ಅಂತ ನನಗೂ ಗೊತ್ತು. ಖುಷಿಯಾಗಿದೀನಿ ಅಂದ ಮಾತ್ರಕ್ಕೆ ಕೆಲಸದ ಹೊರೆ ಸರಿಯಿದೆ ಅಂತ ಒಪ್ಪಿದ ಹಾಗೂ ಅಲ್ಲ. ಎರಡನ್ನೂ ಬೇರೆಬೇರೆ ಇಡೋಣ ಅಂತ ನನ್ನ ವಾದ. ಇಲ್ಲದಿದ್ರೆ ನಾಳೆ ಯಾರಾದ್ರೂ ಸಿಬ್ಬಂದಿ ಕ್ಷೇಮಕ್ಕೆ 'ಸಂತೋಷ ಸಮಿತಿ' ಅಂತ ಮಾಡಿ, ಅದಕ್ಕೂ ನನ್ನನ್ನೇ ಸಂಚಾಲಕಿ ಮಾಡ್ತಾರೆ.

ಆ ಹುಡುಗನ ಕ್ರಿಕೆಟ್ ಮಾತು ಓದಿ ನಕ್ಕಿದ್ದು ನಕ್ಕಿದ್ದೇ. ನಮ್ಮಲ್ಲೂ ಹಾಗೇ ಒಬ್ಬಳು. ಫಸ್ಟ್ ಬಿಎಸ್ಸಿ, ಬ್ಯುರೆಟ್ (ಅಳತೆ ಕೊಳವೆ) ಕೈಲಿ ಹಿಡಿದಿದ್ದೇ ಮೊದಲ ಸಲ. ಆಮ್ಲಕ್ಕೆ ಹನಿಹನಿಯಾಗಿ ಕ್ಷಾರ ಬಿಟ್ಟು ಅಳೆಯೋ ಟೈಟ್ರೇಷನ್‌ನಲ್ಲಿ, ಬಣ್ಣದ ಸೂಚಕ ಫಿನಾಫ್ತಲೀನ್ ತಿಳಿ ಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಬೇಕು. ಇವಳದು ಒಂದೇ ಹನಿಗೆ ಸರಿಯಾಗಿ ನಿಂತಿತ್ತು. ಆಮೇಲೆ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡಿಗೆ ನಿಧಾನ ಬಣ್ಣ ಮಾಸಿತು. 'ಮೇಡಂ, ಹೋಯ್ತು! ನನ್ನ ಪಿಂಕು ಹೋಯ್ತು!' ಅಂತ ಇಡೀ ಲ್ಯಾಬಿಗೆ ಕೇಳೋ ಹಾಗೆ ಕೂಗಿದಳು. ಅಟೆಂಡರ್ ಸಮೇತ ಎಲ್ಲರೂ ಓಡಿ ಬಂದರು. ರೀಡಿಂಗ್ ಸರಿ ಇದೆ ಬರ್ಕೋ ಅಂತ ಸಮಾಧಾನ ಮಾಡೋದರೊಳಗೆ ಸಾಕಾಯ್ತು.

ಮೇಷ್ಟ್ರೇ, ಪೇಪರ್ ಕಟ್ಟಿನ ಉಪಾಯ ಈ ಇಂಟರ್ನಲ್ಸಿಗೇ ಮಾಡ್ತೀನಿ. ನಮ್ಮಲ್ಲಿ ಚೆನ್ನಾಗಿ ಬರೆಯೋರು ಇಬ್ಬರಿದ್ದಾರೆ, ಒಬ್ಬಳನ್ನ ಕೊನೇ ಕಾಲು ಭಾಗಕ್ಕೆ ಇಡಬಹುದಾ? ಇಲ್ಲ, ಅದು ನಿಮ್ಮ ಷರತ್ತು ಮುರಿದ ಹಾಗಾಗುತ್ತೆ.

ಡಿಸೆಂಬರ್, ಜನವರಿಗೆ ಇನ್ನೂ ಏನೂ ಸಿಕ್ಕಿಲ್ಲ. ಯಾರಾದ್ರೂ ಹೇಳಿ.

ಏರಿ ಮೇಲಿನ ಮೇಷ್ಟ್ರು:

ಮುರಿದಂತೆಯೇ. ಗಂಡನ ಕೈಯಲ್ಲಿ ಕೊಟ್ಟು ಸೇರಿಸಲು ಹೇಳಿ.

ಗದಗಿನಾಂವ:

ಡಿಸೆಂಬರ್, ಜನವರಿಗೆ ನಮ್ಮ ಕಡೆ ಸೀತನಿ ಐತ್ರಿ ಮೇಡಂ. ಹಿಂಗಾರಿ ಜ್ವಾಳ ಹಾಲುಗಾಳು ಆಗಿರ್ತಾವ, ಎಳೀ ತೆನಿ ಮುರದು ಹೊಲದಾಗ ಕುಣಿ ತೋಡಿ ಕೆಂಡದಾಗ ಸುಡ್ತಾರ, ಬಿಸಿ ಇದ್ದಾಗ ಬಡದು ಕಾಳು ಉದುರಸ್ತಾರ. ಶೇಂಗಾ ಚಟ್ನಿ, ಬೆಲ್ಲ, ಮೊಸರು, ಇಷ್ಟಿದ್ರ ಮುಗೀತು. ಕ್ಲಾಸಿನ ಹುಡುಗ್ರು ಕರೀತಾರ, 'ಸರ್, ನಮ್ಮ ಹೊಲಕ್ಕ ಬರ್ರಿ' ಅಂತ. ಇಂಟರ್ನಲ್ ಮಾರ್ಕ್ಸ್ ಹಾಕಿ ಮುಗಿಸಿದ ಮ್ಯಾಲೆ ಹೋಗ್ತೀನಿ, ಮೊದಲು ಹ್ವಾದ್ರ ಮಂದಿ ಬ್ಯಾರೆ ತಿಳ್ಕೋತಾರ. ನೀವು ದುಡ್ಡು, ಟೈಮ್ ಎರಡೂ ಇಲ್ದಂಗ ಅಂದೀರಿ. ಇದಕ್ಕ ದುಡ್ಡು ಬೇಕಾಗಿಲ್ಲ, ಆದ್ರ ಅರ್ಧ ದಿನ ಹಾಳಾಗತೈತಿ. ಶನಿವಾರ ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಬರ್ರಿ, ಅಲ್ಲಿಂದ ಗದಗಿಗೆ ಬಸ್ಸಿಗೇನು ಕಮ್ಮಿ ಇಲ್ಲ. ಬರೂ ಮುಂದ ನಿಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟಲಿ ತರ್ರಿ. ನಿಮ್ಮ ಭಾನುವಾರ ಕೆಡತೈತಿ, ಅದಕ್ಕ ನಾ ಜವಾಬ್ದಾರ ಅಲ್ಲ.